ತಿನ್ನುವುದು, ವಾಂತಿ ಮಾಡುವುದು, ಮತ್ತೆ ಉಪವಾಸ: ಈ ಸಲ ಬಂದ ಪತ್ರಗಳು

ಹೋದ ಸಂಚಿಕೆಯಲ್ಲಿ ಒಬ್ಬರು ಹಲ್ಲು ಸವೆಯುವ ಬಗ್ಗೆ ಕೇಳಿದ್ದರು. ಪದೇ ಪದೇ ವಾಂತಿ ಮಾಡುವವರಲ್ಲೂ ಮೇಲಿನ ಹಲ್ಲುಗಳ ಒಳಬದಿ ಹೀಗೆ ಸವೆಯುತ್ತದೆ, ಅದರ ಹಿಂದೆ ಬುಲೀಮಿಯಾ ಎಂಬ ಕಾಯಿಲೆ ಇರಬಹುದು ಅಂತ ಉತ್ತರದ ಕೊನೆಗೆ ಒಂದು ಸಾಲು ಸೇರಿಸಿದ್ದೆ. ಆ ಒಂದು ಸಾಲಿಗೇ ಮಂಜೇಶ್ವರದಿಂದ ಕಾಞಂಗಾಡಿನವರೆಗೆ ಪತ್ರಗಳು ಬಂದಿವೆ. ಹೆಚ್ಚಿನವರು ಹೆಸರು ಹಾಕಬೇಡಿ ಅಂದಿದ್ದಾರೆ. ಹಾಕಿಲ್ಲ. ಊರು, ವಯಸ್ಸನ್ನೂ ಅಲ್ಲಲ್ಲಿ ಬದಲಿಸಿದ್ದೇನೆ.

ಪ್ರಶ್ನೆ: ಡಾಕ್ಟ್ರೇ, ನಾನು ಡಿಗ್ರಿ ಎರಡನೇ ವರ್ಷ. ದಿನಾ ಕುಂಬಳೆಯಿಂದ ಮಂಗಳೂರಿಗೆ ರೈಲಿನಲ್ಲಿ ಹೋಗಿ ಬರುತ್ತೇನೆ. ಬೆಳಿಗ್ಗೆ ಏನೂ ತಿನ್ನುವುದಿಲ್ಲ. ಮಧ್ಯಾಹ್ನ ಬುತ್ತಿಯ ಅನ್ನ ಗೆಳತಿಗೆ ಕೊಟ್ಟು ಸೌತೆಕಾಯಿ ತಿನ್ನುತ್ತೇನೆ. ಸಂಜೆ ಬಂದಾಗ ಮನೆಯಲ್ಲಿ ಯಾರೂ ಇರುವುದಿಲ್ಲ. ಮೊದಲು ಉಳಿದ ಅನ್ನ ಸಾಂಬಾರು, ಆಮೇಲೆ ಬ್ರೆಡ್ಡು, ಅಮ್ಮ ಡಬ್ಬದಲ್ಲಿಟ್ಟ ಹಲಸಿನ ಚಿಪ್ಸು, ಬೆಲ್ಲ, ಹೀಗೆ ಸಿಕ್ಕಿದ್ದನ್ನೆಲ್ಲಾ ನಿಂತುಕೊಂಡೇ ತಿನ್ನುತ್ತೇನೆ. ಸಾಕು ಅಂದುಕೊಂಡರೂ ಕೈ ನಿಲ್ಲುವುದಿಲ್ಲ. ಮತ್ತೆ ಹೋಗಿ ವಾಂತಿ ಮಾಡುತ್ತೇನೆ. ವಾರಕ್ಕೆ ಮೂರು ನಾಲ್ಕು ಸಲ, ಹೋದ ವರ್ಷದ ಓಣಂ ರಜೆಯಿಂದ. ನಾನು ದಪ್ಪವೂ ಇಲ್ಲ, ಸಪೂರವೂ ಇಲ್ಲ, ಹಾಗಾಗಿ ಯಾರಿಗೂ ಸಂಶಯ ಬಂದಿಲ್ಲ. ಇದು ಕಾಯಿಲೆಯಾ, ಅಥವಾ ನನ್ನ ಹೊಟ್ಟೆಬಾಕತನವಾ?

ಉತ್ತರ: ಕಾಯಿಲೆ. ಬರೀ ಪತ್ರ ಓದಿ ಹೆಸರಿಡುವುದು ಸರಿಯಲ್ಲ, ಎದುರು ಕೂತು ಮಾತಾಡಿ ಪರೀಕ್ಷೆ ಮಾಡಿದ ಮೇಲೇ ಹೇಳಬೇಕು. ಆದರೂ ನೀವು ಬರೆದಿರುವುದರಲ್ಲಿ ಬುಲೀಮಿಯಾ ನರ್ವೋಸಾದ ಲಕ್ಷಣಗಳು ಸ್ಪಷ್ಟವಾಗಿ ಕಾಣುತ್ತಿವೆ. 1979ರಲ್ಲಿ ಲಂಡನ್ನಿನ ಮನೋವೈದ್ಯ ಜೆರಾಲ್ಡ್ ರಸೆಲ್ ತಮ್ಮ 30 ರೋಗಿಗಳ ಬಗ್ಗೆ ಬರೆದು ಇದಕ್ಕೆ ಈ ಹೆಸರಿಟ್ಟರು. ಈಗ ವೈದ್ಯರು ನೋಡುವುದು ಇಷ್ಟು: ಸುಮಾರು ಎರಡು ಗಂಟೆಯೊಳಗೆ, ಬೇರೆಯವರು ಅದೇ ಹೊತ್ತಿನಲ್ಲಿ ತಿನ್ನುವುದಕ್ಕಿಂತ ತುಂಬಾ ಜಾಸ್ತಿ ತಿನ್ನುತ್ತಾರಾ, ತಿನ್ನುವಾಗ ಹಿಡಿತ ತಪ್ಪಿತು ಅನ್ನಿಸುತ್ತದಾ, ತಿಂದದ್ದನ್ನು ಸರಿದೂಗಿಸಲು ವಾಂತಿ, ಭೇದಿ ಮಾತ್ರೆ, ಉಪವಾಸ, ಅತಿಯಾದ ವ್ಯಾಯಾಮ ಯಾವುದಾದರೂ ಇದೆಯಾ, ತನ್ನ ಬಗ್ಗೆ ಯೋಚಿಸುವಾಗೆಲ್ಲಾ ಮೈ ಮತ್ತು ತೂಕವೇ ಎದುರಿಗೆ ಬರುತ್ತದಾ. ವಾರಕ್ಕೆ ಒಂದು ಸಲದಂತೆ ಮೂರು ತಿಂಗಳು ನಡೆದಿದ್ದರೂ ಸಾಕು. 2013ರ ತನಕ ವಾರಕ್ಕೆ ಎರಡು ಸಲ ಅಂತ ಇತ್ತು. ಅದಕ್ಕಿಂತ ಕಡಿಮೆ ಇರುವವರೂ ಅಷ್ಟೇ ಕಷ್ಟ ಪಡುತ್ತಾರೆ ಅಂತ ಗೊತ್ತಾಗಿ ಇಳಿಸಿದರು.

ಮದುವೆ ಊಟದಲ್ಲಿ ಪಂಕ್ತಿಯಲ್ಲಿ ಕೂತು ನಾಲ್ಕು ಹೋಳಿಗೆ ಹಾಕಿಸಿಕೊಂಡು, ಎದ್ದ ಮೇಲೆ 'ಅಯ್ಯೋ ಜಾಸ್ತಿ ಆಯ್ತು' ಅನ್ನುವವರಿಗೆ ಈ ಕಾಯಿಲೆ ಇಲ್ಲ. ಅವರು ರುಚಿ ನೋಡಿ ತಿಂದಿರುತ್ತಾರೆ, ನಾಲ್ಕು ಜನರ ಮಧ್ಯೆ ತಿಂದಿರುತ್ತಾರೆ. ನೀವು ಒಬ್ಬರೇ, ನಿಂತುಕೊಂಡು, ರುಚಿಯೂ ಗೊತ್ತಾಗದ ಹಾಗೆ ತಿನ್ನುತ್ತಿದ್ದೀರಿ. ಬೆಲ್ಲದ ಮೇಲೆ ಚಿಪ್ಸು, ಅದರ ಮೇಲೆ ಸಾಂಬಾರು, ಇದರಲ್ಲಿ ಆಸೆಬುರುಕತನ ಎಲ್ಲಿದೆ ಹೇಳಿ?

ನಿಮ್ಮ ಪತ್ರದಲ್ಲಿ ನಾನು ಪೆನ್ನಿನಲ್ಲಿ ಗೆರೆ ಹಾಕಿದ್ದು ಸಂಜೆಯ ಸಾಲುಗಳಿಗಲ್ಲ. 'ಬೆಳಿಗ್ಗೆ ಏನೂ ತಿನ್ನುವುದಿಲ್ಲ' ಅಂತ ಬರೆದಿದ್ದೀರಲ್ಲ, ಅದಕ್ಕೆ. ಸಂಜೆಯ ತೊಂದರೆ ಶುರುವಾಗುವುದು ಅಲ್ಲಿಂದ.

ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಒಂದು ಪ್ರಯೋಗ ಮಾಡಿದರು. 36 ಗಂಡಸರು, ಎಲ್ಲರೂ ಆರೋಗ್ಯವಂತರು, ತಾವಾಗಿಯೇ ಮುಂದೆ ಬಂದವರು. ಆರು ತಿಂಗಳು ಅವರಿಗೆ ಸುಮಾರು ಅರ್ಧ ಹೊಟ್ಟೆ ಊಟ ಕೊಟ್ಟರು. ಬರಬರುತ್ತಾ ಅವರ ತಲೆಯಲ್ಲಿ ಊಟ ಬಿಟ್ಟು ಬೇರೇನೂ ಉಳಿಯಲಿಲ್ಲ. ಅಡುಗೆ ಪುಸ್ತಕ ಹಿಡಿದು ಕೂತರು, ಕನಸಿನಲ್ಲೂ ಊಟ ಕಂಡರು, ತಟ್ಟೆ ನೆಕ್ಕಿದರು. ಪ್ರಯೋಗದ ನಡುವೆಯೇ ಕೆಲವರು ಕದ್ದು ತಿಂದು ಆಮೇಲೆ ಕೊರಗಿದರು. ಊಟ ವಾಪಸು ಸಿಕ್ಕಿದ ಮೇಲೂ ಎಷ್ಟೋ ಜನಕ್ಕೆ ಹೊಟ್ಟೆ ತುಂಬಿದ್ದೇ ಗೊತ್ತಾಗಲಿಲ್ಲ, ವಾಂತಿ ಬರುವಷ್ಟು ತಿಂದರು. ಅವರಿಗೆ ಮೊದಲೇ ತೂಕದ ಚಿಂತೆ ಇರಲಿಲ್ಲ, ಮನಸ್ಸಿನ ಕಾಯಿಲೆಯೂ ಇರಲಿಲ್ಲ. ಇದನ್ನೆಲ್ಲಾ ಮಾಡಿಸಿದ್ದು ಹಸಿವು.

ನಮ್ಮ ಕಡೆ ತೋಟಕ್ಕೆ ನೀರಿಗಾಗಿ ತೋಡಿಗೆ ಅಡ್ಡ ಕಟ್ಟ ಕಟ್ಟುತ್ತಾರಲ್ಲ, ಮೊದಲ ದೊಡ್ಡ ಮಳೆ ಬಂದಾಗ ಅದು ತಡೆಯುವುದಿಲ್ಲ. ನಿಮ್ಮ ಸಂಜೆಯ ಐದು ಗಂಟೆ ಅಂಥದ್ದು. ಬೆಳಿಗ್ಗೆಯಿಂದ ತಡೆದದ್ದು ಒಮ್ಮೆಲೇ ನುಗ್ಗುತ್ತದೆ. ಆಮೇಲೆ ನಾಚಿಕೆ, ಭಯ, ವಾಂತಿ. ರಾತ್ರಿ ಮಲಗುವಾಗ 'ನಾಳೆ ಏನೂ ತಿನ್ನಲ್ಲ' ಅಂತ ಶಪಥ. ಆ ಶಪಥದಿಂದಲೇ ಮರುದಿನದ ಸಂಜೆ ತಯಾರಾಗುತ್ತದೆ. ಹಸಿವೊಂದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಮನೆತನದಲ್ಲಿ ಬರುವ ಗುಣ, ಆತಂಕ, ಖಿನ್ನತೆ, ಚಿಕ್ಕವರಿದ್ದಾಗ ಕೇಳಿದ ಹಂಗಿಸುವ ಮಾತು ಎಲ್ಲವೂ ಸೇರುತ್ತವೆ. ಆದರೆ ಈ ಚಕ್ರವನ್ನು ಎಲ್ಲಿ ತಡೆಯಬಹುದು ಅಂತ ಕೇಳಿದರೆ, ಬೆಳಗಿನ ತಿಂಡಿಯಲ್ಲಿ.

ವಾಂತಿ ಮಾಡಿದರೆ ತಿಂದದ್ದೆಲ್ಲಾ ಹೊರಗೆ ಹೋಗುತ್ತದೆ ಅನ್ನುವುದೂ ಸುಳ್ಳು. ಸಾಕಷ್ಟು ಭಾಗ ಒಳಗೇ ಉಳಿದಿರುತ್ತದೆ. ಹೊರಗೆ ಹೋಗುವುದು ನಿಮಗೆ ಬೇಕಾದದ್ದು: ನೀರು, ಉಪ್ಪಿನ ಅಂಶ, ಪೊಟ್ಯಾಸಿಯಂ. ರಕ್ತದಲ್ಲಿ ಪೊಟ್ಯಾಸಿಯಂ ಇಳಿದರೆ ಹೃದಯದ ಬಡಿತ ತಾಳ ತಪ್ಪುತ್ತದೆ, ಅದು ಪ್ರಾಣಕ್ಕೂ ಅಪಾಯ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಅದಕ್ಕೇ ಹೆದರಿಕೆ. ತಲೆಸುತ್ತಿ ಬಿದ್ದರೆ, ಎದೆ ಡವಡವ ಅಂದರೆ, ಕೈಕಾಲಿನ ಶಕ್ತಿ ಹೋದ ಹಾಗಾದರೆ, ವಾಂತಿಯಲ್ಲಿ ರಕ್ತ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ನಾಳೆ ನೋಡೋಣ ಅನ್ನಬೇಡಿ. ಇನ್ನೊಂದು ಮಾತು, ವಾಂತಿ ಆದ ತಕ್ಷಣ ಹಲ್ಲು ಉಜ್ಜಬೇಡಿ. ಆಮ್ಲದಿಂದ ಮೆತ್ತಗಾದ ಹಲ್ಲಿನ ಮೇಲ್ಪದರ ಇನ್ನೂ ಬೇಗ ಸವೆಯುತ್ತದೆ. ನೀರಲ್ಲಿ ಬಾಯಿ ಮುಕ್ಕಳಿಸಿ ಸಾಕು.

ಈಗ ಮಾಡಬೇಕಾದದ್ದು. ನಾಳೆ ಬೆಳಿಗ್ಗೆ ರೈಲಿಗೆ ಓಡುವ ಮೊದಲು ಎರಡು ನೀರುದೋಸೆಯೋ, ಒಂದು ಬಟ್ಟಲು ಗಂಜಿಯೋ, ಮನೆಯಲ್ಲಿ ಏನು ಮಾಡಿದ್ದಾರೋ ಅದು. ಮಧ್ಯಾಹ್ನ ಬುತ್ತಿಯ ಅನ್ನ ನೀವೇ ಉಣ್ಣಿ, ಗೆಳತಿಗೆ ಅವಳದ್ದಿದೆ. ವಾಪಸು ಬರುವ ರೈಲು ಹತ್ತುವ ಮೊದಲು ಒಂದು ಬಾಳೆಹಣ್ಣೋ ಬನ್ನೋ ತಿನ್ನಿ. ಇದು ಮುಖ್ಯ, ಖಾಲಿ ಹೊಟ್ಟೆಯಲ್ಲಿ ಖಾಲಿ ಮನೆಗೆ ಕಾಲಿಡಬಾರದು. ಮೂರು ಊಟ, ನಡುವೆ ಎರಡು ಮೂರು ಸಣ್ಣ ತಿಂಡಿ, ನಾಲ್ಕು ಗಂಟೆಗಿಂತ ಜಾಸ್ತಿ ಅಂತರ ಬೇಡ. ಹಿಂದಿನ ದಿನ ಜಾಸ್ತಿ ತಿಂದಿದ್ದರೂ, ವಾಂತಿ ಆಗಿದ್ದರೂ, ಮರುದಿನದ ತಿಂಡಿ ಬಿಡಬಾರದು. 'ತೂಕ ಏರಿದರೆ?' ಅಂತ ನೀವು ಕೇಳುತ್ತೀರಿ, ಎಲ್ಲರೂ ಕೇಳುತ್ತಾರೆ. ಈ ಕ್ರಮದಲ್ಲಿ ಚಿಕಿತ್ಸೆ ಪಡೆದವರಲ್ಲಿ ಹೆಚ್ಚಿನವರ ತೂಕ ಅಷ್ಟಾಗಿ ಬದಲಾಗುವುದಿಲ್ಲ, ಯಾಕೆಂದರೆ ಸಂಜೆಯ ಆ ರಾಶಿ ತಿನ್ನುವುದೇ ಕಡಿಮೆಯಾಗುತ್ತದೆ.

ಇದನ್ನು ಒಬ್ಬರೇ ಮಾಡುವುದು ಕಷ್ಟ, ಅದಕ್ಕೇ ಚಿಕಿತ್ಸೆ ಇರುವುದು. ಆಕ್ಸ್‌ಫರ್ಡಿನ ಕ್ರಿಸ್ಟೋಫರ್ ಫೇರ್‌ಬರ್ನ್ ರೂಪಿಸಿದ ಮಾತಿನ ಚಿಕಿತ್ಸೆಯ ಒಂದು ಕ್ರಮ ಇದೆ, ಸಾಮಾನ್ಯವಾಗಿ 20 ವಾರ, 20 ಭೇಟಿ. ಏನು ತಿಂದಿರಿ, ಎಲ್ಲಿ, ಆಗ ಮನಸ್ಸಿನಲ್ಲಿ ಏನಿತ್ತು ಅಂತ ಆಗಿಂದಾಗ ಬರೆದಿಡುವುದು, ಹೊತ್ತಿಗೆ ಸರಿಯಾಗಿ ಉಣ್ಣುವುದು, ತೂಕ ವಾರಕ್ಕೆ ಒಂದೇ ಸಲ ನೋಡುವುದು, ಹೀಗೆ ಶುರುವಾಗುತ್ತದೆ. ಫ್ಲುಆಕ್ಸೆಟಿನ್ ಎಂಬ ಮಾತ್ರೆಯೂ ಕೆಲವರಿಗೆ ಸಹಾಯ ಮಾಡುತ್ತದೆ, ಆದರೆ ಅದನ್ನು ಕೊಡುವುದು, ಪ್ರಮಾಣ ಹೇಳುವುದು ಮನೋವೈದ್ಯರ ಕೆಲಸ, ಮೆಡಿಕಲ್ ಶಾಪಿನವರದ್ದಲ್ಲ.

ಪ್ರಶ್ನೆ: ನನ್ನ ಮಗಳಿಗೆ 16. ಊಟ ಆದ ಕೂಡಲೇ ಬಾತ್‌ರೂಮಿಗೆ ಹೋಗಿ ನಳ್ಳಿ ಬಿಟ್ಟುಕೊಂಡು ಕೂರುತ್ತಾಳೆ. ಕಿವಿಯ ಕೆಳಗೆ ಎರಡೂ ಕಡೆ ಬಾತಿದೆ, ಮಂಗನಬಾವು ಅಂತ ಮದ್ದು ಮಾಡಿದ್ದಾಯಿತು, ಇಳಿಯಲಿಲ್ಲ. ಅತ್ತೆ ದೃಷ್ಟಿ ತೆಗೆದು ನೂಲು ಕಟ್ಟಿಸಿದರು. ನಿಮ್ಮ ಅಂಕಣ ಓದಿ ನನಗೆ ಸಂಶಯ ಬಂದಿದೆ. ಬಾತ್‌ರೂಮಿಗೆ ಹೊರಗಿಂದ ಬೀಗ ಹಾಕಲಾ? ಅವಳ ಅಪ್ಪನಿಗೆ ಹೇಳಿದರೆ ಹೊಡೆದಾರು ಅಂತ ಭಯ. (ಪೆರ್ಲದ ಒಬ್ಬ ಅಮ್ಮ)

ಉತ್ತರ: ಅಮ್ಮಾ, ಬೀಗ ಬೇಡ. ಅಡುಗೆಮನೆಗೂ ಬೇಡ, ಬಾತ್‌ರೂಮಿಗೂ ಬೇಡ. ಬೀಗ ಹಾಕಿದ ಮನೆಯಲ್ಲಿ ಮಕ್ಕಳು ಇನ್ನೂ ಚೆನ್ನಾಗಿ ಅಡಗಿಸುವುದನ್ನು ಕಲಿಯುತ್ತಾರೆ, ಅಷ್ಟೇ.

ವಾಂತಿಯಿಂದ ಜೊಲ್ಲಿನ ಗ್ರಂಥಿ ದೊಡ್ಡದಾಗುತ್ತದೆ, ಹಾಗಾಗಿ ಕೆನ್ನೆಯ ಹಿಂಭಾಗ ಬಾತ ಹಾಗೆ ಕಾಣುತ್ತದೆ. ಮಂಗನಬಾವಿನಲ್ಲಿ ನೋವು, ಜ್ವರ ಇರುತ್ತದೆ, ಕೆಲವು ದಿನಕ್ಕೆ ಇಳಿಯುತ್ತದೆ. ಇದು ನೋವಿಲ್ಲದೆ ಉಳಿದುಬಿಡುತ್ತದೆ. ಬಲಗೈ ಬೆರಳಿನ ಗೆಣ್ಣುಗಳ ಮೇಲೆ ಗಾಯವೋ ದಡ್ಡೋ ಇದೆಯಾ ನೋಡಿ, ಮೇಲೆ ಹೇಳಿದ ರಸೆಲ್ ಅವರ ಹೆಸರಿನಲ್ಲೇ ಆ ಗುರುತನ್ನು ಕರೆಯುತ್ತಾರೆ. ಎಲ್ಲರಲ್ಲೂ ಇರುವುದಿಲ್ಲ. ಮುಟ್ಟು ಏರುಪೇರಾಗುವುದು, ಗಂಟಲು ನೋವು, ಡಬ್ಬದ ತಿಂಡಿ ರಾತ್ರಿ ಬೆಳಗಾಗುವಷ್ಟರಲ್ಲಿ ಖಾಲಿಯಾಗುವುದು, ಇವೂ ಸೇರಿಕೊಂಡರೆ ಸಂಶಯ ಬಲವಾಗುತ್ತದೆ.

ಮಾತಾಡುವುದು ಹೇಗೆ? ಊಟದ ಹೊತ್ತಿನಲ್ಲಿ ಬೇಡ, ಅತ್ತೆಯವರ ಎದುರಿಗೆ ಬೇಡ. ಬಟ್ಟೆ ಮಡಚುವಾಗಲೋ, ಇಬ್ಬರೇ ಬಸ್ಸಿಗೆ ನಡೆದುಹೋಗುವಾಗಲೋ, ಮುಖ ನೋಡದೆ ಮಾತಾಡಬಹುದಾದ ಹೊತ್ತಿನಲ್ಲಿ. 'ಊಟ ಆದ ಮೇಲೆ ನಿನಗೆ ಏನೋ ಕಷ್ಟ ಆಗ್ತಿದೆ ಅಂತ ನನಗೆ ಕಾಣ್ತಿದೆ. ನಾನು ಬೈಯಲ್ಲ. ಒಟ್ಟಿಗೆ ಡಾಕ್ಟರ ಹತ್ತಿರ ಹೋಗೋಣ.' ಇಷ್ಟು ಸಾಕು. ಅವಳು ಇಲ್ಲ ಅನ್ನಬಹುದು, ಅಳಬಹುದು, ಬಾಗಿಲು ಹಾಕಿಕೊಳ್ಳಬಹುದು. ಎರಡು ದಿನ ಬಿಟ್ಟು ಮತ್ತೆ ಹೇಳಿ. 'ಯಾಕೆ ಹೀಗೆ ಮಾಡಿದೆ' ಅಂತ ಮಾತ್ರ ಕೇಳಬೇಡಿ, ಅದಕ್ಕೆ ಅವಳ ಹತ್ತಿರವೂ ಉತ್ತರ ಇಲ್ಲ.

ಈ ವಯಸ್ಸಿನ ಮಕ್ಕಳಿಗೆ ಮನೆಯವರನ್ನು ಸೇರಿಸಿಕೊಂಡೇ ಚಿಕಿತ್ಸೆ ಕೊಡುವ ಪದ್ಧತಿ ಇದೆ. ಊಟಕ್ಕೆ ಎಲ್ಲರೂ ಒಟ್ಟಿಗೆ ಕೂರುವುದು, ಊಟ ಆದ ಮೇಲೆ ಒಂದು ಗಂಟೆ ಅವಳನ್ನು ಒಬ್ಬಳೇ ಬಿಡದಿರುವುದು. ಕಾವಲಿನ ಹಾಗಲ್ಲ, ಕೇರಂ ಆಡಿ, ಟೀವಿ ನೋಡಿ, ಏನಾದರೂ ಮಾಡಿ. ವೈದ್ಯರ ಹತ್ತಿರ ರಕ್ತದ ಪೊಟ್ಯಾಸಿಯಂ ಪರೀಕ್ಷೆ ಮತ್ತು ಇಸಿಜಿ ಮಾಡಿಸಲು ನೀವೇ ಕೇಳಿ. ಅಪ್ಪನಿಗೂ ಹೇಳಬೇಕಾಗುತ್ತದೆ. ನಿಮಗೆ ಭಯವಿದ್ದರೆ ಅದನ್ನು ಡಾಕ್ಟರ ಬಾಯಿಂದಲೇ ಹೇಳಿಸಿ, ಗಂಡಸರು ಬಿಳಿಕೋಟಿನ ಮಾತಿಗೆ ಸ್ವಲ್ಪ ಬಗ್ಗುತ್ತಾರೆ. ಅತ್ತೆಯವರ ನೂಲು ಇದ್ದರೆ ಇರಲಿ, ಅದಕ್ಕೆ ಜಗಳ ಬೇಡ. ಆದರೆ ಮದುವೆ, ಉಪನಯನ, ಕೋಲ ಅಂತ ಸೇರಿದಲ್ಲೆಲ್ಲಾ 'ಏನೇ, ದಪ್ಪ ಆಗಿದ್ದೀಯಲ್ಲಾ' ಅನ್ನುವ ನೆಂಟರ ಬಾಯಿಗೆ ಮಾತ್ರ ನೀವು ಅಡ್ಡ ನಿಲ್ಲಲೇಬೇಕು. 'ಸಪೂರ ಆಗಿದ್ದೀಯ, ಚೆಂದ ಕಾಣ್ತಿ' ಅನ್ನುವವರಿಗೂ.

ಪ್ರಶ್ನೆ: ನಮ್ಮ ಕಾಲದಲ್ಲಿ ತಿನ್ನಲಿಕ್ಕೇ ಇರಲಿಲ್ಲ, ವಾಂತಿ ಮಾಡುವುದು ದೂರದ ಮಾತು. ಇದು ಹಣವಿದ್ದವರ ಮಕ್ಕಳಿಗೆ ಮೊಬೈಲಿನಿಂದ ಬಂದ ರೋಗ, ಅಲ್ಲವೇ? (ನಿವೃತ್ತ ಕನ್ನಡ ಮಾಸ್ತರರು, ಬದಿಯಡ್ಕ)

ಉತ್ತರ: ಅರ್ಧ ಒಪ್ಪುತ್ತೇನೆ ಮಾಸ್ಟ್ರೇ. ಪೆಸಿಫಿಕ್ ಸಾಗರದ ಫಿಜಿ ದ್ವೀಪದ ಒಂದು ಭಾಗಕ್ಕೆ 1995ರಲ್ಲಿ ಟೀವಿ ಬಂತು. ಮೈ ತುಂಬಿಕೊಂಡಿದ್ದರೇ ಚೆಂದ ಅನ್ನುವ ಊರು ಅದು. ಆ್ಯನ್ ಬೆಕರ್ ಎಂಬ ಸಂಶೋಧಕಿ ಟೀವಿ ಬಂದ ಹೊಸತರಲ್ಲಿ ಅಲ್ಲಿನ ಶಾಲಾ ಹುಡುಗಿಯರನ್ನು ಕೇಳಿದಾಗ, ತೂಕ ಇಳಿಸಲು ವಾಂತಿ ಮಾಡುವವರು ಒಬ್ಬರೂ ಇರಲಿಲ್ಲ. 1998ರಲ್ಲಿ ಕೇಳಿದಾಗ 100ಕ್ಕೆ 11 ಮಂದಿ ಹೌದು ಅಂದರು. ಮೊಬೈಲ್ ಟೀವಿಗಿಂತ ಹತ್ತಿರ, ದಿಂಬಿನ ಪಕ್ಕದಲ್ಲೇ ಇರುತ್ತದೆ.

ಉಳಿದ ಅರ್ಧ ಒಪ್ಪುವುದಿಲ್ಲ. ಹಣಕ್ಕೂ ಇದಕ್ಕೂ ಅಂಥ ಸಂಬಂಧ ಇಲ್ಲ. ನನಗೆ ಬಂದ ಪತ್ರಗಳಲ್ಲಿ ಬೀಡಿ ಕಟ್ಟುವ ಮನೆಯದ್ದೂ ಇದೆ, ಕೊಲ್ಲಿಯಿಂದ ಹಣ ಬರುವ ಮನೆಯದ್ದೂ ಇದೆ. ಬ್ರಿಟನ್ನಿನ ರಾಜಕುಮಾರಿ ಡಯಾನಾ 1995ರ ಟೀವಿ ಸಂದರ್ಶನದಲ್ಲಿ ತಮಗೆ ಈ ಕಾಯಿಲೆ ಇತ್ತು ಅಂತ ಹೇಳಿದ ಮೇಲೆ ಎಲ್ಲರ ಕಿವಿಗೂ ಬಿತ್ತು, ಅದರ ಜೊತೆಗೆ 'ಅರಮನೆಯ ಕಾಯಿಲೆ' ಎಂಬ ಭಾವನೆಯೂ ಅಂಟಿಕೊಂಡಿತೋ ಏನೋ.

ಪ್ರಶ್ನೆ: ನಾನು ಉಪ್ಪಳದವನು, ಜಿಮ್ಮಿಗೆ ಹೋಗುತ್ತೇನೆ. ವಾಂತಿ ಮಾಡುವುದಿಲ್ಲ. ಆದರೆ ವಾರದ ಕೊನೆಗೆ ಹೋಟೆಲಿಂದ ತರಿಸಿ ರಾತ್ರಿ ಎರಡರವರೆಗೆ ತಿನ್ನುತ್ತೇನೆ, ಆಮೇಲೆ ಎರಡು ದಿನ ಉಪವಾಸ, ಮೊಣಕಾಲು ನೋವಿದ್ದರೂ ಓಡುತ್ತೇನೆ. ಇದು ಹೆಂಗಸರ ಕಾಯಿಲೆ ಅಲ್ವಾ?

ಉತ್ತರ: ಅಲ್ಲ. ಹೆಂಗಸರಲ್ಲಿ ಜಾಸ್ತಿ ನಿಜ, ಗಂಡಸರಲ್ಲೂ ಇದೆ, ಹೇಳಿಕೊಳ್ಳುವವರು ಕಡಿಮೆ. ಬ್ರಿಟನ್ನಿನ ಉಪಪ್ರಧಾನಿಯಾಗಿದ್ದ ಜಾನ್ ಪ್ರೆಸ್ಕಾಟ್ ತಮಗೆ ವರ್ಷಗಟ್ಟಲೆ ಬುಲೀಮಿಯಾ ಇತ್ತು ಅಂತ 2008ರಲ್ಲಿ ಹೇಳಿಕೊಂಡರು. ಸ್ಥೂಲ ದೇಹದ, ಗಟ್ಟಿ ದನಿಯ ರಾಜಕಾರಣಿ. ವಾಂತಿ ಇಲ್ಲದಿದ್ದರೂ ಬುಲೀಮಿಯಾ ಇರಬಹುದು, ಉಪವಾಸ ಮತ್ತು ನೋವಿನಲ್ಲೂ ಓಡುವುದು ಅದೇ ಕೆಲಸ ಮಾಡುತ್ತವೆ. ಜಿಮ್ಮಿನ ಟ್ರೈನರ್ ಹತ್ತಿರ ಡಯಟ್ ಚಾರ್ಟ್ ಕೇಳುವುದನ್ನು ಸದ್ಯಕ್ಕೆ ನಿಲ್ಲಿಸಿ, ಮನೋವೈದ್ಯರನ್ನು ನೋಡಿ.

ಪ್ರಶ್ನೆ: ಭೇದಿ ಮಾತ್ರೆ ತೆಗೆದುಕೊಂಡರೆ ಮರುದಿನ ತೂಕ ಇಳಿದಿರುತ್ತದೆ. ಬಿಟ್ಟರೆ ಮೈ ಊದಿಕೊಳ್ಳುತ್ತದೆ. ಏನು ಮಾಡಲಿ? (ಮುಳ್ಳೇರಿಯ)

ಉತ್ತರ: ಇಳಿದದ್ದು ನೀರು. ಊಟದ ಸತ್ವವನ್ನು ಸಣ್ಣ ಕರುಳು ಹೀರಿಕೊಂಡು ಆಗಿರುತ್ತದೆ, ಈ ಮಾತ್ರೆಗಳು ಕೆಲಸ ಮಾಡುವುದು ಹೆಚ್ಚಾಗಿ ಆಮೇಲೆ ಸಿಗುವ ದೊಡ್ಡ ಕರುಳಿನಲ್ಲಿ. ಬಿಟ್ಟಾಗ ದೇಹ ನೀರು ಹಿಡಿದಿಟ್ಟುಕೊಂಡು ಸ್ವಲ್ಪ ದಿನ ಊದುತ್ತದೆ, ಮಲಬದ್ಧತೆಯೂ ಆಗುತ್ತದೆ. ಅದು ಕೊಬ್ಬಲ್ಲ, ಇಳಿಯುತ್ತದೆ. ಆ ದಿನಗಳಲ್ಲಿ ಹೆದರಿ ಮತ್ತೆ ಮಾತ್ರೆ ಹಿಡಿಯುವುದೇ ಎಲ್ಲರೂ ಎಡವುವ ಜಾಗ, ಹಾಗಾಗಿ ವೈದ್ಯರ ಕಣ್ಣೆದುರಿಗೇ ಬಿಡಿ. 'ಆಯುರ್ವೇದದ ಸ್ಲಿಮ್ ಪುಡಿ' ಅಂತ ಮಾರುವುದರಲ್ಲೂ ಸೋನಾಮುಖಿಯಂಥ ಭೇದಿ ಸೊಪ್ಪು ಇರಬಹುದು, ಡಬ್ಬದ ಹಿಂದೆ ಓದಿ.

ಪ್ರಶ್ನೆ: ನನಗೆ ಮಲಯಾಳಂ ಬಸ್ಸಿಗೆ, ಅಂಗಡಿಗೆ ಸಾಕಾಗುವಷ್ಟು ಬರುತ್ತದೆ. ಮನಸ್ಸಿನ ವಿಷಯ ಅದರಲ್ಲಿ ಹೇಳಲು ಬರುವುದಿಲ್ಲ. ಒಂದು ಕಡೆ ಹೋಗಿದ್ದೆ, ನರ್ಸು ದುಭಾಷಿ ಆದರು, ನನ್ನ ಊರಿನವರೇ. ಮತ್ತೆ ಹೋಗಲಿಲ್ಲ. ಮದುವೆ ಮಾತುಕತೆ ಬೇರೆ ನಡೆಯುತ್ತಿದೆ.

ಉತ್ತರ: ನಿಮ್ಮ ಸಿಟ್ಟು ನ್ಯಾಯವೇ. ಗಡಿಯಲ್ಲಿರುವ ನಮಗೆ ರೇಷನ್ ಕಾರ್ಡಿನಿಂದ ಹಿಡಿದು ಎಲ್ಲದರಲ್ಲೂ ಇದು ಇದ್ದದ್ದೇ, ಆದರೆ ಮನಸ್ಸಿನ ಕಾಯಿಲೆಯಲ್ಲಿ ಭಾಷೆಯೇ ಅರ್ಧ ಚಿಕಿತ್ಸೆ.

ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ, ನಂಬರ್ 14416. ಹಣ ಇಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಭಾಷೆ ಆರಿಸುವಾಗ ಕನ್ನಡ ಕೇಳಿ. 2022ರ ಅಕ್ಟೋಬರಿನಲ್ಲಿ ಶುರುವಾಯಿತು, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಬದುಕೇ ಬೇಡ ಅನ್ನಿಸುವ ರಾತ್ರಿಗಳಿದ್ದರೆ ಮೊದಲು ಅಲ್ಲಿಗೇ ಮಾಡಿ. ಎದುರು ಕೂತು ಮಾತಾಡಬೇಕು ಅಂದರೆ ತಲಪಾಡಿ ದಾಟಿ ಮಂಗಳೂರಿಗೆ ಹೋಗಬಹುದು, ಅಲ್ಲಿನ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗ ಇದೆ, ಕನ್ನಡವೂ ನಡೆಯುತ್ತದೆ, ತುಳುವೂ ನಡೆಯುತ್ತದೆ. ಇಲ್ಲೇ ಆಗಬೇಕು ಅಂದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕ್ಲಿನಿಕ್ ಯಾವ ದಿನ, ಎಲ್ಲಿ ಅಂತ ಆರೋಗ್ಯ ಕೇಂದ್ರದಲ್ಲಿ ಕೇಳಿ. 'ದುಭಾಷಿ ನನ್ನ ಪರಿಚಯದವರು ಬೇಡ' ಅಂತ ಹೇಳುವ ಅಧಿಕಾರ ನಿಮಗಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ನಿಮ್ಮ ವಿಷಯ ಗುಟ್ಟಾಗಿಡುವುದು ಆಸ್ಪತ್ರೆಯ ಕರ್ತವ್ಯ, ವಿಮೆಯಲ್ಲೂ ಇದನ್ನು ಬೇರೆ ಕಾಯಿಲೆಗಳಂತೆಯೇ ನೋಡಬೇಕು.

ಮದುವೆ ಮಾತಿಗೆ ಬಂದರೆ, ಮೊದಲು ಚಿಕಿತ್ಸೆ ಶುರುಮಾಡಿ. ಅಮೆರಿಕದ ಬೋಸ್ಟನ್ನಿನಲ್ಲಿ ಈ ಕಾಯಿಲೆಯವರನ್ನು 22 ವರ್ಷ ಹಿಂಬಾಲಿಸಿ ನೋಡಿದ ಅಧ್ಯಯನ 2017ರಲ್ಲಿ ಬಂತು, 100ರಲ್ಲಿ 68 ಮಂದಿ ಗುಣವಾಗಿದ್ದರು. ನಡುವೆ ಬಿದ್ದು ಎದ್ದವರೂ ಅದರಲ್ಲಿ ಇದ್ದಾರೆ. ಹುಡುಗನಿಗೆ ಹೇಳಬೇಕಾ ಅಂದರೆ, ಹೇಳುವುದೇ ಒಳ್ಳೆಯದು ಅಂತ ನನಗನ್ನಿಸುತ್ತದೆ. ಗುಟ್ಟು ಇಟ್ಟುಕೊಂಡು ಹೊಸ ಮನೆಯ ಅಡುಗೆಮನೆಯಲ್ಲಿ ನಿಲ್ಲುವುದು ತುಂಬಾ ಕಷ್ಟ. ಯಾವಾಗ, ಎಷ್ಟು ಅನ್ನುವುದನ್ನು ನಿಮ್ಮ ಚಿಕಿತ್ಸಕರ ಜೊತೆ ಕೂತು ತೀರ್ಮಾನಿಸಿ.

ಪ್ರಶ್ನೆ: ಬುಲೀಮಿಯಾಕ್ಕೆ ಚಿಕಿತ್ಸೆ ನಡೆಯುತ್ತಿದೆ, ಈಗ ಎಷ್ಟೋ ಸುಧಾರಿಸಿದೆ. ಏಕಾದಶಿ ಉಪವಾಸ ಮಾಡಬಹುದಾ? ನನ್ನ ಗೆಳತಿಗೂ ಇದೇ ತೊಂದರೆ, ಅವಳು ರಂಜಾನ್ ಬಗ್ಗೆ ಕೇಳುತ್ತಿದ್ದಾಳೆ.

ಉತ್ತರ: ಸದ್ಯಕ್ಕೆ ಇಬ್ಬರೂ ಬೇಡ. ಮೇಲಿನ ಮೊದಲ ಉತ್ತರ ಓದಿ, ದೀರ್ಘ ಹಸಿವು ಈ ಕಾಯಿಲೆಗೆ ಬಾಗಿಲು ತೆರೆದುಕೊಡುತ್ತದೆ, ಅದು ದೇವರ ಹೆಸರಿನ ಹಸಿವೋ ಡಯಟ್ಟಿನ ಹಸಿವೋ ಅಂತ ಹೊಟ್ಟೆಗೆ ಗೊತ್ತಾಗುವುದಿಲ್ಲ. ಏಕಾದಶಿಯಂದು ಅನ್ನ ಬಿಟ್ಟು ಅವಲಕ್ಕಿ, ಹಣ್ಣು, ಹಾಲು ಅಂತ ಹೊತ್ತು ಹೊತ್ತಿಗೆ ತಿನ್ನುವ ಪದ್ಧತಿ ನಿಮ್ಮ ಮನೆಯಲ್ಲಿದ್ದರೆ ಅದನ್ನೂ ವೈದ್ಯರನ್ನು ಕೇಳಿಯೇ ಮಾಡಿ, ಯಾಕೆಂದರೆ 'ಇದು ತಿನ್ನಬಹುದು, ಅದು ಬಾರದು' ಎಂಬ ಪಟ್ಟಿಯೂ ನಿಮಗೆ ಈಗ ಒಳ್ಳೆಯದಲ್ಲ. ನಿಮ್ಮ ಗೆಳತಿಗೆ ಹೇಳಿ, ಕಾಯಿಲೆಯವರಿಗೆ ರಂಜಾನ್ ಉಪವಾಸದಿಂದ ವಿನಾಯಿತಿ ಇದೆ, ಕುರ್‌ಆನಿನಲ್ಲೇ ಇದೆ. ಹೊರಗೆ ಕಾಣದ ಕಾಯಿಲೆ ಆದ್ದರಿಂದ ಮನೆಯಲ್ಲಿ 'ಚೆನ್ನಾಗಿಯೇ ಇದ್ದೀಯಲ್ಲಾ' ಅಂದಾರು. ಡಾಕ್ಟರ ಹತ್ತಿರ ಒಂದು ಚೀಟಿ ಬರೆಸಿಕೊಂಡು ಉಸ್ತಾದರ ಹತ್ತಿರ ಮೊದಲೇ ಮಾತಾಡಿಟ್ಟರೆ ಮನೆಯವರನ್ನು ಒಪ್ಪಿಸುವುದು ಸುಲಭ. ಸಂಜೆ ಇಫ್ತಾರಿಗೆ ಎಲ್ಲರ ಜೊತೆ ಕೂರಲಿ, ಮಧ್ಯಾಹ್ನದ ಊಟ ಮಾಡಿದ ಹೊಟ್ಟೆಯಲ್ಲಿ.